ಅಂತರ್ಜಾಲದಲ್ಲಿ ಮೊದಲ ತಾಂಬೂಲ

ನಮ್ಮವರ ಮದುವೆಗಳಲ್ಲಿ ತಾಳಿ ಕಟ್ಟಿದ ಮೇಲೆ ತಾಂಬೂಲ ಕೊಡುವುದಕ್ಕೆ ಒಂದು ಕ್ರಮವಿದೆ. ಹಿರಿಯರೊಬ್ಬರು ಎದ್ದು ನಿಂತು ಮನೆತನಗಳನ್ನು ಒಂದೊಂದಾಗಿ ಕೂಗುತ್ತಾರೆ. ಕೂಗಿದ ಮನೆಯ ಯಜಮಾನ ಮುಂದೆ ಬಂದು, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ಎರಡೂ ಕೈ ಚಾಚಿ ವೀಳ್ಯದೆಲೆ ತೆಗೆದುಕೊಳ್ಳುತ್ತಾನೆ. ಯಾರು ಮೊದಲು, ಯಾರು ಆಮೇಲೆ ಎಂಬುದು ಆಸ್ತಿಯನ್ನಾಗಲಿ ವಯಸ್ಸನ್ನಾಗಲಿ ನೋಡಿ ನಿರ್ಧಾರವಾಗುವುದಲ್ಲ. ನೂರಾರು ವರ್ಷಗಳ ಹಿಂದೆ ನಮ್ಮವರು ಕನ್ನಡ ಸೀಮೆ ಬಿಟ್ಟು ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದಾಗ ಯಾರ ಗಾಡಿ ಮೊದಲು ಬಂದು ನಿಂತಿತೋ ಅವರದು ಮೊದಲ ತಾಂಬೂಲ. ನಮ್ಮ ಗಾಡಿ ಮೂರನೆಯದು. ಅಚ್ಚು ಮುರಿದು ದಾರಿಯಲ್ಲಿ ಒಂದು ದಿನ ನಿಲ್ಲಬೇಕಾಯಿತಂತೆ. ಆ ಅಚ್ಚಿನ ಬಗ್ಗೆ ನನ್ನ ದೊಡ್ಡಪ್ಪ ಮಾತಾಡುವುದನ್ನು ಕೇಳಿದರೆ ಅದು ಹೋದ ವಾರ ಮುರಿದದ್ದು ಅನ್ನಿಸುತ್ತಿತ್ತು.

ಮೊದಲ ತಾಂಬೂಲದ ಮನೆಯವರು ಇದೇ ಕಣಿವೆಯ ತೇವಾರ ಎಂಬ ಊರಿನಲ್ಲಿದ್ದರು. ಆ ಮನೆಯ ಯಜಮಾನರೂ ದೊಡ್ಡಪ್ಪನೂ ಒಂದೇ ಶಾಲೆಯ ಒಂದೇ ಬೆಂಚಿನವರು. ಎದುರಾದಾಗಲೆಲ್ಲ ಅವರು, "ಏನಪ್ಪಾ ಮೂರನೇ ಗಾಡಿ, ಈಗ ಬಂದ್ಯಾ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪನೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಆ ಅಚ್ಚಿನ ಕಥೆಯನ್ನು ಮತ್ತೊಮ್ಮೆ ಮೊದಲಿಂದ ಹೇಳುತ್ತಿದ್ದರು.

ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ನಾನು ನಮ್ಮೂರು ಬೋಡಿಗೆ ಮರಳಿದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕನ್ನಡದ ಅಕ್ಷರಗಳನ್ನು ಕಲಿತದ್ದೂ ಮೈಸೂರಿನಲ್ಲೇ, ಹಾಸ್ಟೆಲಿನ ಕೋಣೆಯಲ್ಲಿ, ಇಪ್ಪತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಕನ್ನಡ ನನಗೆ ಬರೆಯಬಹುದಾದ ಭಾಷೆಯಾಗಿರಲಿಲ್ಲ. ಮನೆಯೊಳಗೆ ಆಡುವ ಮಾತಾಗಿತ್ತು, ಅಷ್ಟೆ. ಮರಳಿದ ಮೇಲೆ ಪಕ್ಕದ ಪಟ್ಟಣ ತೇನಿಯ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮಹಡಿಯಲ್ಲಿದ್ದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಐದು ಕಂಪ್ಯೂಟರುಗಳು, ಅವುಗಳಲ್ಲಿ ಒಂದಕ್ಕೆ ಮಾತ್ರ ಫೋನ್ ತಂತಿ. ಆ ಒಂದರಲ್ಲಿ ಇಂಟರ್ನೆಟ್ ಬರುತ್ತಿತ್ತು, ಬರುವ ದಿನ.

ಒಂದು ಭಾನುವಾರ ದೊಡ್ಡಪ್ಪ ಕಾಫಿ ಲೋಟ ಹಿಡಿದು ನಾನು ಕೂತಿದ್ದ ಕಡೆಗೇ ಬಂದರು. ಹಿಂದಿನ ದಿನ ಏಲಕ್ಕಿ ಒಣಗಿಸುವ ಗೂಡಿಗೆ ಕಬ್ಬಿಣದ ಕೊಳವೆ ನೋಡಲೆಂದು ದಿಂಡಿಗಲ್ಲಿಗೆ ಹೋಗಿದ್ದರು. ಬೋಡಿಮೆಟ್ಟು ಘಟ್ಟದ ಆಚೆ ನಮ್ಮದೊಂದು ಏಲಕ್ಕಿ ತೋಟವಿತ್ತು.

"ತಾಯೀ, ಒಂದ್ ಸಂಗತಿ ಕೇಳ್ಬೇಕು."

"ಏಳಿ ದೊಡ್ಡಪ್ಪ" ಅಂದೆ. ನಮ್ಮ ಮನೆಮಾತಿನಲ್ಲಿ ಹೇಳಿ ಎಂಬುದು ಏಳಿ.

"ದಿಂಡಿಗಲ್ಲಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಇಂಟರ್ನೆಟ್ಟಲ್ಲಿ ಪೇರು ಪದಿವು ಮಾಡ್ಕೋಬೇಕಂತೆ. ಯಾರು ಮುಂಚೆ ಪದಿವು ಮಾಡ್ತಾರೋ, ಜನ ತೇಡುವಾಗ ಅವ್ರ ಪೇರೇ ಮೊದ್ಲು ಬತ್ತದಂತೆ. ನಿಜಾನಾ?"

ಪೇರು ಎಂದರೆ ಹೆಸರು, ಪದಿವು ಎಂದರೆ ನೋಂದಣಿ, ತೇಡುವುದೆಂದರೆ ಹುಡುಕುವುದು. ಮನೆಯ ಹೊರಗಿನ ಕೆಲಸಕ್ಕೆ ಬೇಕಾದ ಇಂಥ ಮಾತುಗಳೆಲ್ಲ ನಮಗೆ ತಮಿಳಿನಿಂದ ಬಂದವು. ಪ್ರಶ್ನೆ ನನಗೆ ಅರ್ಥವಾಯಿತು. ಉತ್ತರ ಗೊತ್ತಿರಲಿಲ್ಲ. ಹುಡುಕುವ ಯಂತ್ರ ಯಾವ ಪುಟವನ್ನು ಮೊದಲಿಡುತ್ತದೆ, ಯಾಕೆ ಇಡುತ್ತದೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

"ಇರ್ಬೋದು" ಅಂದೆ.

ನನ್ನ ತಪ್ಪು ಅಲ್ಲೇ ಆಯಿತು. ಮನೆಯಲ್ಲಿ ನಾನು ಬಹಳ ಕಡಿಮೆ ಮಾತಾಡುವವಳು. ಬೇರೆಯವರು ಆಣೆಯಿಟ್ಟು ಹೇಳಿದ್ದನ್ನು ಅನುಮಾನಿಸುವ ಜನ ನನ್ನ "ಇರ್ಬೋದು" ಅನ್ನುವುದನ್ನು ಪತ್ರಕ್ಕೆ ಹಾಕಿದ ಮೊಹರಿನಂತೆ ತೆಗೆದುಕೊಳ್ಳುತ್ತಿದ್ದರು. ಅದು ನನಗೆ ಗೊತ್ತಿದ್ದೂ ಅಂದೆ.

ದೊಡ್ಡಪ್ಪನಿಗೆ ಆ ಏಜೆಂಟನ ಮಾತು ತಟ್ಟನೆ ಹಿಡಿಸಿದ್ದಕ್ಕೆ ತಾಂಬೂಲ ಒಂದೇ ಕಾರಣವಲ್ಲ. ಬೋಡಿಯ ಏಲಕ್ಕಿ ಹರಾಜಿನಲ್ಲೂ ಹಾಗೇ ಇತ್ತು. ಮುಂಚೆ ತಂದಿಟ್ಟ ಮೂಟೆಗೆ ಮುಂಚಿನ ಲಾಟ್ ನಂಬರು. ಮೊದಮೊದಲ ಲಾಟುಗಳ ಮಾದರಿ ತಟ್ಟೆಗೆ ಬಂದಾಗ ವ್ಯಾಪಾರಿಗಳು ಕಾಯಿ ಬಿಡಿಸಿ, ಮೂಸಿ, ಬೀಜದ ಬಣ್ಣ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬೆರಳೂ ಮೂಗೂ ದಣಿದಿರುತ್ತವೆ. ಎಂಥ ಕಾಯಿಯಾದರೂ ಒಂದೇ ಥರ ಕಾಣುತ್ತದೆ. ಮೊದಲು ಬಂದವನಿಗೆ ಮೊದಲ ಗಮನ ಎಂಬುದು ಅವರಿಗೆ ನಂಬಿಕೆಯ ಮಾತಾಗಿರಲಿಲ್ಲ, ದಿನದ ಅನುಭವವಾಗಿತ್ತು.

ಹೆಸರೇನಿಡುವುದು ಎಂದು ಕೇಳಿದೆ.

"ಏಲ ಅಂತ್ಲೇ ಇಡು. ಬೇರೆ ಯಾಕೆ?"

ಮೈಸೂರಿನಲ್ಲಿ ಏಲಕ್ಕಿಯೇ ಬೇರೆ, ಹರಾಜೇ ಬೇರೆ. ತಮಿಳಿನಲ್ಲಿ ಎರಡಕ್ಕೂ ಏಲಂ ಎಂಬ ಒಂದೇ ಮಾತು. ನಮ್ಮ ಮನೆಮಾತಿನಲ್ಲೂ ಅದು ಏಲ ಆಗಿ ಹಾಗೇ ಉಳಿದಿತ್ತು. "ಏಲಕ್ಕೆ ಏಲ ಓಯ್ತು" ಅಂದರೆ ನಮ್ಮ ಅಡುಗೆಮನೆಯಲ್ಲಿ ಯಾರೂ ತಲೆ ಕೆರೆದುಕೊಳ್ಳುತ್ತಿರಲಿಲ್ಲ. ತಮಿಳಿನವರಂತೆ ಏಲಂ ಎಂದು ಬರೆದರೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಬರೀ ಆ ನಾಲ್ಕಕ್ಷರದ ಹೆಸರನ್ನು ಆಗಲೇ ಯಾರೋ ತೆಗೆದುಕೊಂಡಿದ್ದರು. ಹಾಗಾಗಿ ಅದರ ಮುಂದೆ ನಮ್ಮ ಮನೆತನದ ಹೆಸರು ಸೇರಿಸಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ.

ದೊಡ್ಡಪ್ಪ ಪಂಚಾಂಗ ನೋಡಿ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರ ಒಳಗೆ ಎಂದು ಮುಹೂರ್ತ ಇಟ್ಟರು. ಏಜೆಂಟ್ ಆ ಹೊತ್ತಿಗೇ ದಿಂಡಿಗಲ್ಲಿನಿಂದ ಅರ್ಜಿ ಕಳಿಸಿದ. ಮರುದಿನ ನೋಂದಣಿಯ ವಿವರವನ್ನು ಮುದ್ರಿಸಿ ಮನೆಗೆ ತಂದೆ. ಹೆಸರಿನ ಕೆಳಗೆ ಅದು ಹುಟ್ಟಿದ ದಿನಾಂಕವಿತ್ತು: ಗುರುವಾರದ್ದು.

"ಇದೇನು ತಾಯೀ, ಶುಕ್ರವಾರ ಮಾಡಿದ್ದು ವ್ಯಾಳ?"

ವ್ಯಾಳ ಎಂದರೆ ನಮ್ಮಲ್ಲಿ ಗುರುವಾರ. ಪಟ್ಟಿ ಬರೆಯುವವರು ಅಮೆರಿಕದಲ್ಲಿದ್ದಾರೆ, ನಮ್ಮ ಶುಕ್ರವಾರ ಬೆಳಿಗ್ಗೆ ಎಂದರೆ ಅಲ್ಲಿ ಇನ್ನೂ ಗುರುವಾರ ಎಂದು ವಿವರಿಸಿದೆ. ಮುಹೂರ್ತ ತಪ್ಪಿತೆಂದು ಬೇಸರಪಡುತ್ತಾರೆ ಅಂದುಕೊಂಡಿದ್ದೆ. ದೊಡ್ಡಪ್ಪ ಕಾಗದವನ್ನು ಮತ್ತೆ ನೋಡಿದರು.

"ಅಂದ್ರೆ ನಾವು ಮಾಡೋಕ್ಕೆ ಒಂದ್ ನಾಳು ಮುಂಚೇನೇ ಆಗೋಗದೆ!"

ನಾಳು ಎಂದರೆ ದಿನ. ಆ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಕೋಣೆಯಲ್ಲಿಟ್ಟರು. ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದರು.

ಪುಟವನ್ನು ನಾನೇ ಬರೆದೆ. ದೊಡ್ಡಪ್ಪ ಮನೆಮಾತಿನಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿದೆ: ತೋಟ ಎಷ್ಟು ಎತ್ತರದಲ್ಲಿದೆ, ಕಾಯಿ ಯಾವ ಹದಕ್ಕೆ ಕೀಳುತ್ತೇವೆ, ಹಸಿರು ಹೋಗದಂತೆ ಗೂಡಿನ ಶಾಖವನ್ನು ಹೇಗೆ ಹಿಡಿಯುತ್ತೇವೆ. ಒಂದು ಷರತ್ತು ಹಾಕಿದ್ದರು. "ಏಲ ಅನ್ನೋ ಮಾತ್ ಮಾತ್ರ ಮಾತ್ಬೇಡ. ಉಲಗಕ್ಕೆಲ್ಲ ಗೊತ್ತಿರೋ ಮಾತದು." ಉಲಗ ಎಂದರೆ ಲೋಕ, ಮಾತ್ಬೇಡ ಎಂದರೆ ಬದಲಿಸಬೇಡ. ನಾನು ಬದಲಿಸಲಿಲ್ಲ. ಹುಡುಕುವ ಯಂತ್ರಗಳಿಗೆಲ್ಲ ನಮ್ಮ ವಿಳಾಸ ಕೊಟ್ಟು, ಕೆಲವು ತಿಂಗಳು ಕಾದೆ.

ಮೊದಲ ಸಲ ಆ ನಾಲ್ಕಕ್ಷರ ಬರೆದು ಹುಡುಕಿದ ದಿನ ಚೆನ್ನಾಗಿ ನೆನಪಿದೆ. ಬಂದ ಪಟ್ಟಿಯ ಮೊದಲ ಸಾಲನ್ನು ಒತ್ತಿದೆ, ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಿತು. ಗಡ್ಡದ ಒಬ್ಬ ರಾಜ, ಜೇಡಿಮಣ್ಣಿನ ಫಲಕ, ಅದರ ತುಂಬ ಮೊಳೆಯಂಥ ಅಕ್ಷರ. ಇರಾನಿನ ಕಡೆ ಸಾವಿರಾರು ವರ್ಷಗಳ ಹಿಂದೆ ಏಲಾಂ ಎಂಬ ಒಂದು ರಾಜ್ಯವಿತ್ತು ಎಂದು ನನಗೆ ತಿಳಿದದ್ದು ಆಗ. ಮೊದಲ ಪುಟ ಅದರದೇ. ಎರಡನೆಯದೂ ಅದರದೇ. ಐದನೆಯ ಪುಟದವರೆಗೆ ನೋಡಿದೆ. ರಾಜರು, ಯುದ್ಧಗಳು, ಒಡೆದ ಗಡಿಗೆಗಳು. ನಾವು ಎಲ್ಲೂ ಇರಲಿಲ್ಲ. ಏಲಕ್ಕಿಯ ಇಂಗ್ಲಿಷ್ ಹೆಸರನ್ನು ಹಾಕಿ ಹುಡುಕಿದರೂ ಇರಲಿಲ್ಲ. ನಮ್ಮ ಪುಟದಲ್ಲಿ ಆ ಪದವೇ ಇರಲಿಲ್ಲವಲ್ಲ.

ಸತ್ಯ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಗಾಬರಿಯಲ್ಲ, ಕುತೂಹಲ. ನಮ್ಮದು ಬರದಿರುವುದಕ್ಕೆ ಪದ ಕಾರಣ, ಸರಿ. ಆದರೆ ದಿನಾಂಕ? ಅದಕ್ಕೆ ಏನಾದರೂ ಬೆಲೆ ಇದೆಯೋ ಇಲ್ಲವೋ? ಯಾವ ಹೆಸರು ಎಂದು ನೋಂದಣಿಯಾಯಿತು ಎಂಬುದು ಆಗ ಯಾರು ಬೇಕಾದರೂ ನೋಡಬಹುದಾದ ಪಟ್ಟಿಯಲ್ಲಿ ಇರುತ್ತಿತ್ತು. ಏಲಕ್ಕಿಯ ಇಂಗ್ಲಿಷ್ ಪದಕ್ಕೆ ಬಂದ ಹೆಸರುಗಳನ್ನು ಸ್ಥಾನದ ಕ್ರಮದಲ್ಲಿ ಬರೆದುಕೊಂಡು, ಒಂದೊಂದರ ಹುಟ್ಟಿದ ದಿನಾಂಕ ಹುಡುಕಿ ಎದುರಿಗೆ ಬರೆದೆ. ಫೋನ್ ತಂತಿ ಬಿಡುವಾಗಿರುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ. ಹೀಗಾಗಿ ಹದಿನೈದು ದಿನ ಹಿಡಿಯಿತು. ಆಮೇಲೆ ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಸ್ಥಾನ ಎಂದು ಚುಕ್ಕಿ ಇಟ್ಟೆ. ದಿಂಡಿಗಲ್ ಏಜೆಂಟನ ಮಾತು ನಿಜವಾಗಿದ್ದರೆ ಚುಕ್ಕಿಗಳು ಇಳಿಜಾರಿನಲ್ಲಿ ಸಾಲಾಗಿ ನಿಲ್ಲಬೇಕಿತ್ತು. ಅವು ಗುಬ್ಬಿಗಳಿಗೆ ಎರಚಿದ ಅಕ್ಕಿಯಂತೆ ಬಿದ್ದಿದ್ದವು. ಎಲ್ಲಕ್ಕಿಂತ ಮೇಲೆ ಕೂತಿದ್ದ ಹೆಸರು ನಮ್ಮದಕ್ಕಿಂತ ಎರಡು ತಿಂಗಳು ಚಿಕ್ಕದು.

ಬೇರೊಂದು ಕಡೆ ಹುಡುಕಿದರೆ ಕ್ರಮವೇ ಬೇರೆ. ಒಂದು ಯಂತ್ರ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವಂತೆ ಕಂಡಿತು. ಜನರು ಕೈಯಾರೆ ಜೋಡಿಸುತ್ತಿದ್ದ ಒಂದು ದೊಡ್ಡ ಪಟ್ಟಿಯಲ್ಲಿ ಹೆಸರುಗಳು ಅಕಾರಾದಿಯಾಗಿದ್ದವು. ಅಲ್ಲಿ ಮುಂದೆ ಬರಲೆಂದೇ ಕೆಲವರು ಹೆಸರಿನ ಆರಂಭದಲ್ಲಿ ಇಂಗ್ಲಿಷಿನ ಮೊದಲ ಅಕ್ಷರವನ್ನು ಮೂರು ಸಲ ಬರೆದುಕೊಂಡಿದ್ದರು. ಅದನ್ನು ನೋಡಿ ಒಬ್ಬಳೇ ನಕ್ಕೆ.

ಒಂದು ವಿಷಯ ಮಾತ್ರ ತೊಡಕಾಗಿತ್ತು. ನನ್ನ ಗ್ರಾಫಿನಲ್ಲಿ ತೀರ ಹಳೆಯ ನಾಲ್ಕೈದು ಚುಕ್ಕಿಗಳು ಎಲ್ಲವೂ ಮೇಲಿನ ಅರ್ಧದಲ್ಲೇ ಇದ್ದವು. ಹಾಗಾದರೆ ಏಜೆಂಟ್ ಪೂರ್ತಿ ಸುಳ್ಳು ಹೇಳಿರಲಿಲ್ಲವೇ? ಆ ನಾಲ್ಕೈದನ್ನೂ ತೆರೆದು ನೋಡಿದೆ, ಅವುಗಳ ಹೆಸರು ಬೇರೆ ಪುಟಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದೂ ನೋಡಿದೆ. ಅಡುಗೆಯ ಪುಟಗಳವರು, ಸಸ್ಯಶಾಸ್ತ್ರದವರು, ಯಾರು ಯಾರೋ ತಮ್ಮ ಪುಟದಲ್ಲಿ ಲಿಂಕ್ ಕೊಟ್ಟು ಅವುಗಳ ಕಡೆಗೆ ಕೈ ತೋರಿಸಿದ್ದರು. ಆಗತಾನೆ ಬಂದಿದ್ದ ಒಂದು ಹೊಸ ಯಂತ್ರ ಹೀಗೆ ಕೈ ತೋರಿಸುವವರನ್ನೇ ಎಣಿಸುತ್ತದೆ ಎಂದು ಒಂದು ಕಂಪ್ಯೂಟರ್ ಮಾಸಿಕದಲ್ಲಿ ಓದಿದ್ದೆ. ಹಳೆಯ ಹೆಸರಿಗೆ ವಯಸ್ಸಿನಿಂದ ಏನೂ ಸಿಕ್ಕಿರಲಿಲ್ಲ. ವಯಸ್ಸಾಗುವಷ್ಟರಲ್ಲಿ ಪರಿಚಯದವರು ಸಿಕ್ಕಿದ್ದರು. ಎರಡೂ ಒಂದೇ ಅಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಗೆರೆ ಎಳೆದ ಮೇಲೆ ಗಾಬರಿಯಾಯಿತು. ಯಾಕೆಂದರೆ ಅಷ್ಟರಲ್ಲಿ ದೊಡ್ಡಪ್ಪ ಊರಿಗೆಲ್ಲ ಹೇಳಿಯಾಗಿತ್ತು. ಆವಣಿ ತಿಂಗಳಲ್ಲಿ ತೇವಾರದ ಮೊದಲ ಮನೆಯಲ್ಲಿ ಮದುವೆ. ಇಡೀ ಕಣಿವೆಯ ನಮ್ಮವರೆಲ್ಲ ಅಲ್ಲಿ ಸೇರುತ್ತಾರೆ. ಇಂಟರ್ನೆಟ್ಟಿನಲ್ಲಿ ನಮ್ಮ ಹೆಸರು ಮೊದಲು ಬಂದಿರುವ ಕಾಗದವನ್ನು ಅಲ್ಲಿ ತೋರಿಸುತ್ತೇನೆ ಎಂದು ಅವರು ಆ ಯಜಮಾನರ ಮುಖದೆದುರೇ ಅಂದಿದ್ದರು. "ನಮ್ಮ ತಾಯೀನೇ ಏಳದೆ" ಎಂದು, ಅಂದರೆ ನಾನೇ ಹೇಳಿದ್ದೇನೆ ಎಂದೂ ಸೇರಿಸಿದ್ದರಂತೆ. ಅವರ ಮರ್ಯಾದೆ ನನ್ನ ಒಂದು "ಇರ್ಬೋದು" ಮೇಲೆ ನಿಂತಿತ್ತು.

ಮದುವೆಗೆ ಎರಡು ದಿನ ಇರುವಾಗ ಕಾಗದ ತೆಗೆದುಕೊಂಡು ಹೋಗಲೆಂದು ಅವರೇ ತೇನಿಗೆ ಬಂದರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಮಹಡಿ ಹತ್ತಿ ಬಂದು, ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು.

"ಎಲ್ಲಿ, ತೋರ್ಸು."

ನಾನು ನಾಲ್ಕಕ್ಷರ ಬರೆದು ಮೊದಲ ಸಾಲನ್ನು ಒತ್ತಿದೆ. ಗಡ್ಡದ ರಾಜ ಗೆರೆಗೆರೆಯಾಗಿ ಇಳಿದ.

"ಯಾರಿವ್ನು?"

"ಏಲಾಂ ಅಂತ ಒಂದು ರಾಜ್ಯ ಇತ್ತಂತೆ ದೊಡ್ಡಪ್ಪ. ಬಾಳ ಹಳೇದು."

"ಏಲ ಬೆಳೀತಿದ್ರಾ?"

"ಗೊತ್ತಿಲ್ಲ. ಬೆಳೀತಿರ್ಲಿಲ್ಲ ಅಂತ ಕಾಣ್ತದೆ."

"ನಾವೆಲ್ಲಿ?"

ನೋಟ್‌ಬುಕ್ ತೆಗೆದು ಗ್ರಾಫ್ ಹಾಳೆ ಬಿಡಿಸಿದೆ. ಒಂದೊಂದು ಚುಕ್ಕಿಯನ್ನೂ ತೋರಿಸಿ ಹೇಳಿದೆ. ನಡುವೆ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ. ಕೊನೆಗೆ, "ಅವತ್ತು ನೀವು ಕೇಳ್ದಾಗ ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಏಳ್ಬೇಕಿತ್ತು. ಇರ್ಬೋದು ಅಂದ್ಬಿಟ್ಟೆ" ಅಂದೆ.

ದೊಡ್ಡಪ್ಪ ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡರು. ಏಲಕ್ಕಿ ಬಿಡಿಸಿ ನೋಡುವಾಗಿನ ಮುಖವೇ ಅದು.

"ಮೊದ್ಲು ಬಂದೋನ್ಗೆ ಏನೂ ಇಲ್ವಾ ಅಂಗಾದ್ರೆ?"

"ಪೇರು ಸಿಗ್ತದೆ. ಇನ್ಯಾರೂ ಆ ಪೇರು ಇಡೋಕ್ಕಾಗಲ್ಲ. ಅಷ್ಟೇ."

"ಮತ್ತೆ ಮೇಲಕ್ಕೆ ಯಾರ್ನ ಕೂರಿಸ್ತಾರೆ?"

"ಬೇರೆಯೋರು ಯಾರ ಕಡೆ ಕೈ ತೋರಿಸ್ತಾರೋ ಅವರನ್ನ. ಈ ಹೊಸ ಯಂತ್ರದಲ್ಲಿ."

ಕೆಳಗೆ ಬಸ್ಸಿನವನು "ಕಂಬಂ, ಕೂಡಲೂರ್, ಕುಮುಳಿ" ಎಂದು ಕೂಗುತ್ತಿದ್ದ.

"ಅಂದ್ರೆ ಇಲ್ಲಿ ತಾಂಬೂಲಾನ ಮದ್ವೆ ಮನೆಯೋರು ಕೊಡಲ್ಲ" ಅಂದರು ದೊಡ್ಡಪ್ಪ ನಿಧಾನವಾಗಿ. "ಬಂದೋರೆಲ್ಲ ಆಳಿಗೊಂದು ಎಲೆ ಕೊಡ್ತಾರೆ. ಯಾರ ಕೈಲಿ ಎಲೆ ಜಾಸ್ತಿ ಅದೋ, ಅವ್ನೇ ಮೊದಲ್ನೆಯವ್ನು."

ನಾನು ಹದಿನೈದು ದಿನ ಕೂತು ಬರೆದದ್ದನ್ನು ಅವರು ಮೂರು ವಾಕ್ಯದಲ್ಲಿ ಹೇಳಿದ್ದರು. ಹೌದು ಅಂದೆ.

ಕಾಗದ ಬೇಡ ಅಂದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ಬಂದು, "ಆ ಗಡ್ಡದವನ್ದು ಒಂದು ಪ್ರಿಂಟ್ ಕೊಡು" ಅಂದರು. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ.

ತೇವಾರದ ಮದುವೆಯಲ್ಲಿ ನಾನು ಹೆಂಗಸರ ಸಾಲಿನ ಹಿಂದೆ ಕೂತಿದ್ದೆ. ತಾಳಿ ಕಟ್ಟಿಯಾಯಿತು. ಹಿರಿಯರು ಎದ್ದು ಕೂಗತೊಡಗಿದರು. ಮೊದಲ ಮನೆ. ಎರಡನೆಯ ಮನೆ. ಮೂರನೆಯದಕ್ಕೆ ದೊಡ್ಡಪ್ಪ ಎದ್ದು, ವಸ್ತ್ರ ಸೊಂಟಕ್ಕೆ ಸುತ್ತಿ ನಡೆದರು. ಅವರ ಕೈ ಎಲೆಗೆ ಮುಟ್ಟುವ ಮೊದಲೇ ಮೊದಲ ಮನೆಯ ಯಜಮಾನರು ಗಟ್ಟಿಯಾಗಿ ಕೇಳಿದರು:

"ಏನಪ್ಪಾ ಮೂರನೇ ಗಾಡಿ, ಇಂಟರ್ನೆಟ್ಟಲ್ಲಿ ಮೊದಲ ತಾಂಬೂಲ ವಾಂಗ್ಬಿಟ್ಯಂತೆ? ಎಲ್ಲಿ, ನಾವೂ ನೋಡಾನ!"

ಸಭೆ ಕಾದಿತ್ತು. ದೊಡ್ಡಪ್ಪ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಅಲ್ಲಿ ಮೊದಲ ತಾಂಬೂಲ ಇವ್ನಿಗೆ. ಪಾರಸೀಕದ ಕಡೆ ರಾಜ. ನಮ್ಮ ಏಲದ ಪೇರನ್ನ ನಮ್ಗಿಂತ ಸಾವಿರಾರು ವರ್ಷ ಮುಂಚೇನೇ ಇಟ್ಕೊಂಡು ಕೂತವ್ನೆ. ಇವ್ನ ಗಾಡಿ ಮುಂದೆ ನಿನ್ ಗಾಡೀನೂ ಒಂದೇ, ನನ್ ಗಾಡೀನೂ ಒಂದೇ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುದುಕರೊಬ್ಬರು, "ಅವ್ನ ಗಡ್ಡ ನೋಡಪ್ಪಾ, ಅಚ್ಚು ಮುರಿದ್ರೂ ಮೊದ್ಲೇ ಬಂದಿರ್ತಾನೆ" ಅಂದರು. ನಗು ಗಂಡಸರ ಕಡೆಯಿಂದ ಹೆಂಗಸರ ಕಡೆಗೆ ಉರುಳಿ ಬಂತು. ಮೊದಲ ಮನೆಯ ಯಜಮಾನರು ಕಾಗದವನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು.

"ನೀನು? ನಿನ್ದು ಎಷ್ಟ್ನೇದು?"

"ನಂದು ಇಲ್ಲವೇ ಇಲ್ಲ. ಪೇರು ಮುಂಚೆ ಪದಿವು ಮಾಡಿದ್ರೆ ಸಾಲ್ದು. ಮಗು ಅದಿನೈದು ನಾಳು ಕೂತು ಲೆಕ್ಕ ಆಕಿ ಕಂಡ್ಕೊಂಡದೆ." ಆಮೇಲೆ ಅಷ್ಟು ಜನರ ತಲೆಗಳ ಮೇಲಿಂದ ನನ್ನ ಕಡೆ ನೋಡಿ ಕೂಗಿದರು: "ಅಲ್ವಾ ತಾಯೀ?"

ಎಲ್ಲರೂ ತಿರುಗಿದರು. ನನಗೆ ಇಷ್ಟವಾಗದ ಸಂಗತಿಗಳಲ್ಲಿ ಅದು ಮೊದಲನೆಯದು.

"ಹೌದು" ಅಂದೆ. ನಮ್ಮವರು ಹಕಾರ ಬಿಟ್ಟು "ಔದು" ಅನ್ನುತ್ತಾರೆ. ನಾನು ಮೈಸೂರಿನವರಂತೆ ಪೂರ್ತಿಯಾಗಿ ಅಂದಿದ್ದೆ, ಹಾಗಾಗಿ ಅದು ಸ್ವಲ್ಪ ಹೆಚ್ಚೇ ಕೇಳಿಸಿತು.

ದೊಡ್ಡಪ್ಪ ಮೂರನೆಯ ತಾಂಬೂಲ ತೆಗೆದುಕೊಂಡು ಬಂದು ಕೂತರು. ಊಟದ ಪಂಕ್ತಿಯಲ್ಲಿ ಆ ಯಜಮಾನರು ಅವರ ಪಕ್ಕಕ್ಕೇ ಬಂದು ಕೂತು, ಆ ಹುಡುಕುವ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿದ್ದುದು ದೂರದಿಂದ ಕಾಣುತ್ತಿತ್ತು. ದೊಡ್ಡಪ್ಪ ಬಾಳೆಲೆಯ ಮೇಲೆ ಅನ್ನದ ಅಗುಳನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟು ಏನೋ ವಿವರಿಸುತ್ತಿದ್ದರು.

ಸಂಜೆ ಬೋಡಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಪುಟದಲ್ಲಿ ಏಲದ ಜೊತೆ ಇಂಗ್ಲಿಷ್ ಪದವನ್ನೂ ಹಾಕಲು ಒಪ್ಪಿದರು. ತೇವಾರದವರೂ ತಮ್ಮ ಮಾವಿನ ತೋಟಕ್ಕೆ ಒಂದು ಪುಟ ಮಾಡಿಸುತ್ತಾರಂತೆ. ಅವರು ನಮ್ಮ ಕಡೆ ಕೈ ತೋರಿಸಬೇಕು, ನಾವು ಅವರ ಕಡೆ. ಅದರಿಂದ ನಮ್ಮ ಪುಟ ಮೇಲೇರುತ್ತದೋ ಇಲ್ಲವೋ ನೋಡಬೇಕು ಎಂದು ನಾನು ಆಗಲೇ ಹೊಸ ಗ್ರಾಫಿನ ಬಗ್ಗೆ ಯೋಚಿಸುತ್ತಿದ್ದೆ.

"ತಾಯೀ, ಕಾಗದದಲ್ಲಿರೋ ಆ ನಾಳು ಅಂಗೇ ಇರ್ತದಾ? ಆ ವ್ಯಾಳ?"

"ಇರ್ತದೆ ದೊಡ್ಡಪ್ಪ."

"ಇರ್ತದಾ, ಇರ್ಬೋದಾ?"

ನನಗೆ ನಗು ಬಂತು. "ಇರ್ತದೆ. ಅವಧಿ ಮುಗಿಯೋಕ್ಕೆ ಮುಂಚೆ ದುಡ್ಡು ಕಟ್ಟಿ ಪುದುಪಿಸ್ತಾ ಇದ್ರೆ. ಮರೆತು ಬಿಟ್ರೆ ಪೇರು ಓಗ್ತದೆ. ಆಮೇಲೆ ತಿರುಗ ತಗೊಂಡ್ರೂ ಹೊಸ ನಾಳೇ ಬೀಳ್ತದೆ."

ಅವರು ಕಿಟಕಿಯ ಕಡೆ ನೋಡುತ್ತ ತಾಂಬೂಲದ ಅಡಿಕೆಯನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದರು.

"ಅಂಗಾದ್ರೆ ಅಚ್ಚು ಮುರೀದಂಗೆ ನೋಡ್ಕೋ" ಅಂದರು.